ಹಾಲು ಬಾರದ ಬಾಣಂತನ, ಹತ್ತು ವರ್ಷದ ಸುಸ್ತು: ದಕ್ಷಿಣ ಕೊಡಗಿನ ಒಂದು ಪ್ರಕರಣ

ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅಂತ ನನಗೆ ಅನ್ನಿಸಿದ್ದಕ್ಕೆ ಒಂದೇ ಕಾರಣ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ಮೇಲೆ ಶೀಹನ್ ಸಿಂಡ್ರೋಮ್ ಅನ್ನೋ ಹಾರ್ಮೋನ್ ಕಾಯಿಲೆಗೆ ಸಿಕ್ಕ ಇಂಥ ಹೆಣ್ಣುಮಕ್ಕಳು ನಮ್ಮ ಸಣ್ಣ ಆಸ್ಪತ್ರೆಗಳಿಗೆ ಬರುತ್ತಾರೆ, ಡ್ರಿಪ್ ಹಾಕಿಸಿಕೊಳ್ಳುತ್ತಾರೆ, ಸ್ವಲ್ಪ ಚೇತರಿಸಿಕೊಂಡು ಮನೆಗೆ ಹೋಗುತ್ತಾರೆ. ಆಮೇಲೆ ಮತ್ತೆ ಬರುತ್ತಾರೆ. ಹೀಗೆ ವರ್ಷಗಳೇ ಕಳೆಯುತ್ತವೆ. ರೋಗಿಯ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಆಕೆಗೆ 36 ವರ್ಷ. ದಕ್ಷಿಣ ಕೊಡಗಿನ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ (ತೋಟದ ಕೆಲಸದವರ ಸಾಲುಮನೆ) ವಾಸ. ಮೂಲ ಹುಣಸೂರು ಕಡೆ, ಮದುವೆಯಾಗಿ ಬಂದಿದ್ದು ಇಲ್ಲಿಗೆ. ಗಂಡ ಪಿಕಪ್ ಓಡಿಸುತ್ತಾರೆ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಫೆಬ್ರವರಿಯಲ್ಲಿ, ರೊಬಸ್ಟಾ ಕುಯ್ಲು ಜೋರಾಗಿ ನಡೆಯುವಾಗ, ಮೂರು ದಿನದ ಜ್ವರ, ವಾಂತಿ ಅಂತ ಸಂಜೆ ಹೊತ್ತಿಗೆ ಕರೆತಂದರು. ಆ ಸೆಖೆಯಲ್ಲೂ ಎರಡು ಕಂಬಳಿ ಹೊದ್ದಿದ್ದರು. ಜೋರಾಗಿ ಕರೆದರೆ ಕಣ್ಣು ಬಿಟ್ಟು ಒಂದು ಮಾತು ಹೇಳಿ ಮತ್ತೆ ಮಂಪರಿಗೆ ಜಾರುತ್ತಿದ್ದರು.

ಬಿಪಿ 80/50. ನಾಡಿ ನಿಮಿಷಕ್ಕೆ 64. ಜ್ವರ ಇದ್ದು ಬಿಪಿ ಇಷ್ಟು ಇಳಿದಾಗ ನಾಡಿ ಓಡುತ್ತಿರಬೇಕು, ಇಲ್ಲಿ ಓಡುತ್ತಿರಲಿಲ್ಲ. ಸಕ್ಕರೆ 54. ಸೋಡಿಯಂ 112, ಅಂದರೆ ಇರಬೇಕಾದ 135ಕ್ಕಿಂತ ತುಂಬಾ ಕೆಳಗೆ. ಪೊಟ್ಯಾಶಿಯಂ 4.1, ಸರಿಯಾಗೇ ಇದೆ. ಕಿಡ್ನಿ ಪರೀಕ್ಷೆಯೂ ಸರಿ. ಹಿಮೋಗ್ಲೋಬಿನ್ 9.6.

ಗಂಡ ಒಂದು ಬಟ್ಟೆ ಅಂಗಡಿಯ ಕವರ್ ತಂದಿದ್ದರು. ಅದರ ತುಂಬ ಹಳೆಯ ಡಿಸ್ಚಾರ್ಜ್ ಚೀಟಿಗಳು. ಬೇರೆ ಬೇರೆ ಕಡೆಯವು, ಬೇರೆ ಬೇರೆ ವರ್ಷದವು, ಆದರೆ ಒಳಗಿದ್ದ ಮಾತು ಹೆಚ್ಚುಕಮ್ಮಿ ಒಂದೇ: ಸುಸ್ತು, ವಾಂತಿ, ಬಿಪಿ ಕಡಿಮೆ, ಸೋಡಿಯಂ ಕಡಿಮೆ, ಸಲೈನ್ ಕೊಡಲಾಗಿದೆ, ಸುಧಾರಿಸಿದ್ದಾರೆ, ಮನೆಗೆ ಕಳಿಸಲಾಗಿದೆ. ಒಂದರಲ್ಲಿ ಗ್ಯಾಸ್ಟ್ರಿಕ್ ಅಂತ ಬರೆದಿತ್ತು. ಇನ್ನೊಂದರಲ್ಲಿ ರಕ್ತಹೀನತೆ. ಮತ್ತೊಂದು ಕಡೆ ಮನಸ್ಸಿನ ಕಾಯಿಲೆಗೆ ಮಾತ್ರೆ ಶುರುಮಾಡಿದ್ದರು, ಆಕೆ ಅದನ್ನು ಸ್ವಲ್ಪ ದಿನ ತಿಂದು ಬಿಟ್ಟಿದ್ದರು. ಥೈರಾಯ್ಡ್ ಕೂಡ ನೋಡಿದ್ದರು. ಎರಡು ಕಡೆ ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಹೇಳುವ ಹಾರ್ಮೋನ್) ಮಾಡಿಸಿದ್ದರು, 2.1 ಒಮ್ಮೆ, 2.9 ಇನ್ನೊಮ್ಮೆ. ಎರಡೂ ನಾರ್ಮಲ್. ಹಾಗಾಗಿ ಥೈರಾಯ್ಡ್ ಇಲ್ಲ ಅಂತ ಆ ಬಾಗಿಲು ಮುಚ್ಚಿಹೋಗಿತ್ತು.

ಸೋಡಿಯಂ ಕಡಿಮೆ ಅನ್ನೋದು ರೋಗದ ಹೆಸರಲ್ಲ, ಅದೊಂದು ಲಕ್ಷಣ. ಯಾಕೆ ಇಳಿಯಿತು ಅಂತ ಕೇಳದೆ ಬರೀ ತುಂಬಿಸಿ ಕಳಿಸಿದರೆ ಅದು ಮತ್ತೆ ಇಳಿಯುತ್ತದೆ. ವಾಂತಿ ಭೇದಿಯಿಂದ ಇಳಿಯಬಹುದು, ಬಿಪಿಗೆ ಕೊಡುವ ಮೂತ್ರ ಜಾಸ್ತಿ ಹೋಗಿಸುವ ಮಾತ್ರೆಯಿಂದ ಇಳಿಯಬಹುದು, ಶ್ವಾಸಕೋಶದ ಅಥವಾ ಮಿದುಳಿನ ತೊಂದರೆಯಿಂದ ಇಳಿಯಬಹುದು. ಪ್ರತಿ ಸಲ ಸಣ್ಣ ಜ್ವರಕ್ಕೂ ಬಿಪಿ ಬಿದ್ದು, ಸಕ್ಕರೆಯೂ ಬಿದ್ದು, ಸೋಡಿಯಂ ಇಳಿಯುತ್ತದೆ ಅಂದರೆ ಕಾರ್ಟಿಸಾಲ್ ಕಡಿಮೆ ಇರಬಹುದಾ ಅಂತ ಯೋಚಿಸಲೇಬೇಕು. ಕಾಯಿಲೆ ಬಿದ್ದಾಗ, ಏಟು ಬಿದ್ದಾಗ ಬಿಪಿ, ಸಕ್ಕರೆ ಬೀಳದ ಹಾಗೆ ನೋಡಿಕೊಳ್ಳುವುದು ಈ ಹಾರ್ಮೋನ್. ನಮ್ಮ ಕಡೆ ಕಾರ್ಟಿಸಾಲ್ ಕಡಿಮೆ ಅಂದ ಕೂಡಲೇ ಮೊದಲು ನೆನಪಾಗುವುದು ಕಾರ್ಟಿಸಾಲ್ ಮಾಡುವ ಅಡ್ರಿನಲ್ ಗ್ರಂಥಿ ಕ್ಷಯದಿಂದ ಹಾಳಾಗುವ ಅಡಿಸನ್ ಕಾಯಿಲೆ. ಅದರಲ್ಲಿ ಮೈ, ಅಂಗೈ ಗೆರೆ, ವಸಡು ಕಪ್ಪಾಗುತ್ತವೆ, ಪೊಟ್ಯಾಶಿಯಂ ಏರುತ್ತದೆ. ಇವರಲ್ಲಿ ಎರಡೂ ಇಲ್ಲ. ಬದಲಿಗೆ ಮುಖ ಬಿಳುಚಿಕೊಂಡಿತ್ತು, ಕಣ್ಣಿನ ಬದಿಯಲ್ಲೂ ತುಟಿಯ ಸುತ್ತಲೂ ವಯಸ್ಸಿಗೆ ಮೀರಿದ ಸಣ್ಣ ಸಣ್ಣ ಸುಕ್ಕು.

ಅಷ್ಟರಲ್ಲಿ ಡ್ಯೂಟಿಯಲ್ಲಿದ್ದ ಸಿಸ್ಟರ್ ಜ್ವರ ನೋಡಲು ಕಂಕುಳಿಗೆ ಥರ್ಮಾಮೀಟರ್ ಇಟ್ಟರು. ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ಹೊರಗೆ ಹೋಗಿ ಅತ್ತೆಯ ಹತ್ತಿರ ಏನೋ ಮಾತಾಡಿ ಬಂದು ನನ್ನನ್ನು ಪಕ್ಕಕ್ಕೆ ಕರೆದರು. "ಡಾಕ್ಟ್ರೇ, ಇವರ ಕಂಕುಳಲ್ಲಿ ಒಂದು ಕೂದಲೂ ಇಲ್ಲ. ಎರಡನೇ ಹೆರಿಗೆ ಆದ್ಮೇಲೆ ಮುಟ್ಟೇ ಆಗಿಲ್ವಂತೆ. ಹಾಲೂ ಬಂದಿರ್ಲಿಲ್ವಂತೆ."

ರೋಗ ಪತ್ತೆಯಾದದ್ದು ಆ ಮೂರು ವಾಕ್ಯದಲ್ಲಿ. ಉಳಿದದ್ದೆಲ್ಲ ಅದನ್ನು ಖಚಿತಪಡಿಸುವ ಕೆಲಸ.

ಅತ್ತೆಯನ್ನು ಕೂರಿಸಿಕೊಂಡು ಕೇಳಿದೆ. ಹತ್ತು ವರ್ಷದ ಹಿಂದೆ, ಜುಲೈ ತಿಂಗಳು, ಬಿಡದ ಮಳೆ. ನೋವು ಬಂದದ್ದು ರಾತ್ರಿ. ತೋಟದ ದಾರಿಗೆ ಮರ ಬಿದ್ದು ಗಾಡಿ ಹೋಗಲು ಆಗಲಿಲ್ಲ. ಲೈನ್‌ನಲ್ಲಿದ್ದ ಹಿರಿಯ ಹೆಂಗಸೊಬ್ಬರು ಹೆರಿಗೆ ಮಾಡಿಸಿದರು. ಮಗು ಚೆನ್ನಾಗಿತ್ತು, ಆದರೆ ಕಸ (ಮಾಸು) ಬೀಳಲಿಲ್ಲ. ರಕ್ತ ನಿಲ್ಲಲಿಲ್ಲ. ಬೆಳಗಾಗುವಷ್ಟರಲ್ಲಿ ಮರ ಕಡಿದು ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದರು, ಅಲ್ಲಿ ಕಸ ತೆಗೆದು, ಬಾಟಲಿ ಬಾಟಲಿ ರಕ್ತ ಹಾಕಿ ಜೀವ ಉಳಿಸಿದರು. ಆ ಆಸ್ಪತ್ರೆಯವರು ದೊಡ್ಡ ಕೆಲಸವನ್ನೇ ಮಾಡಿದ್ದರು. ಬದುಕಿದರಲ್ಲ ಅಂತ ಎಲ್ಲರಿಗೂ ಅದೇ ಸಮಾಧಾನ.

"ಹಾಲು ಒಂದು ತೊಟ್ಟೂ ಬರ್ಲಿಲ್ಲ ಡಾಕ್ಟ್ರೇ," ಅಂದರು ಆ ಅಜ್ಜಿ. "ಬೆಳ್ಳುಳ್ಳಿ ಕೊಟ್ವಿ, ಸಬ್ಬಸಿಗೆ ಸೊಪ್ಪು ಕೊಟ್ವಿ. ಕಡೆಗೆ ಹಸುವಿನ ಹಾಲಲ್ಲೇ ಸಾಕಿದ್ವಿ." ಮುಟ್ಟು ನಿಂತದ್ದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅಷ್ಟು ರಕ್ತ ಹೋಗಿದೆಯಲ್ಲ, ಇನ್ನೆಲ್ಲಿಂದ ಬರಬೇಕು ಅಂತ ಅವರ ಲೆಕ್ಕ. ಆಮೇಲಾಮೇಲೆ ಚಳಿ ತಡೆಯಲಾಗದೆ ಹೋಯಿತು, ಮಾತು ನಿಧಾನವಾಯಿತು, ಬುಟ್ಟಿ ತುಂಬ ಕಾಫಿ ಕುಯ್ಯುತ್ತಿದ್ದವರು ಅರ್ಧ ದಿನಕ್ಕೇ ಗಿಡದ ಬುಡದಲ್ಲಿ ಕೂತುಬಿಡುತ್ತಿದ್ದರು. ತೋಟದಲ್ಲಿ ಸೋಮಾರಿ ಅನ್ನೋ ಹೆಸರು ಬಂತು. ನನಗೆ ಇದರಲ್ಲಿ ಎಲ್ಲಕ್ಕಿಂತ ನೋವಾಗುವುದು ಈ ಒಂದು ಮಾತು. ಹತ್ತು ವರ್ಷ ಮೈಯಲ್ಲಿ ಹಾರ್ಮೋನ್ ಇಲ್ಲದೆ ದುಡಿದ ಹೆಂಗಸು ಆಕೆ.

ಆ ರಾತ್ರಿ

ಕಾರ್ಟಿಸಾಲ್ ಪರೀಕ್ಷೆ ನಮ್ಮಲ್ಲಿ ಆಗುವುದಿಲ್ಲ, ಮೈಸೂರಿಗೆ ಕಳಿಸಬೇಕು. ರಿಪೋರ್ಟ್ ಬರುವವರೆಗೆ ಕಾಯುವಂತಿಲ್ಲ. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಸರಳ: ಒಂದು ಟ್ಯೂಬ್ ರಕ್ತ ತೆಗೆದಿಟ್ಟುಕೊಳ್ಳಬೇಕು, ತಕ್ಷಣ ಹೈಡ್ರೊಕಾರ್ಟಿಸೋನ್ (ಕಾರ್ಟಿಸಾಲ್‌ನ ಔಷಧ ರೂಪ) 100 ಮಿಲಿಗ್ರಾಂ ರಕ್ತನಾಳಕ್ಕೆ ಕೊಡಬೇಕು. ಸಂಶಯ ಇದ್ದರೆ ಸಾಕು, ಕೊಡಬೇಕು. ಒಂದು ದಿನ ಕೊಟ್ಟು ಆಮೇಲೆ ಬೇಡವಾಗಿತ್ತು ಅಂತ ಗೊತ್ತಾದರೆ ದೊಡ್ಡ ನಷ್ಟ ಇಲ್ಲ. ಕೊಡದೆ ಕಾದರೆ ಜೀವವೇ ಹೋಗಬಹುದು. 25 ಪರ್ಸೆಂಟ್ ಗ್ಲೂಕೋಸ್ ಕೊಟ್ಟೆವು, ನಾರ್ಮಲ್ ಸಲೈನ್ ಹಾಕಿದೆವು, ಜ್ವರಕ್ಕೆ ಆಂಟಿಬಯಾಟಿಕ್ ಶುರುಮಾಡಿದೆವು. ಆಮೇಲೆ ಆರು ಗಂಟೆಗೊಮ್ಮೆ 50 ಮಿಲಿಗ್ರಾಂ.

ಎರಡು ಗಂಟೆಯೊಳಗೆ ಬಿಪಿ 100 ದಾಟಿತು. ಕಣ್ಣು ಬಿಟ್ಟು ನೀರು ಕೇಳಿದರು.

ಇಲ್ಲಿಗೆ ಗೆದ್ದೆವು ಅಂತ ಅನ್ನಿಸುತ್ತದೆ. ನಿಜವಾದ ಅಪಾಯ ಶುರುವಾಗುವುದೇ ಇಲ್ಲಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಿರಲೇಬೇಕು. ಕಾರ್ಟಿಸಾಲ್ ಇಲ್ಲದಿದ್ದಾಗ ದೇಹ ನೀರನ್ನು ಹೊರಗೆ ಬಿಡುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಆ ನೀರಿನಲ್ಲಿ ಸೋಡಿಯಂ ತೆಳುವಾಗಿ ಕಡಿಮೆ ಕಾಣುತ್ತದೆ. ಹೈಡ್ರೊಕಾರ್ಟಿಸೋನ್ ಕೊಟ್ಟ ಮೇಲೆ ಕಿಡ್ನಿ ಆ ನೀರನ್ನೆಲ್ಲ ಒಮ್ಮೆಗೇ ಬಿಡತೊಡಗುತ್ತದೆ. ನಾವು ಸಲೈನ್ ಹಾಕುತ್ತಲೇ ಇದ್ದರೆ ಸೋಡಿಯಂ ಸರ್ರನೆ ಏರುತ್ತದೆ. ಬಹಳ ದಿನದಿಂದ ಕಡಿಮೆ ಇದ್ದ ಸೋಡಿಯಂ ದಿಢೀರನೆ ಏರಿದರೆ ಮಿದುಳಿನ ನರಗಳ ಹೊದಿಕೆ ಹಾಳಾಗಿ ಕೈಕಾಲು ಬಿದ್ದುಹೋಗಬಹುದು, ಮಾತು, ನುಂಗುವುದು ನಿಲ್ಲಬಹುದು. ಇಂಥ ರೋಗಿಯಲ್ಲಿ 24 ಗಂಟೆಯಲ್ಲಿ 8 ಅಂಕಕ್ಕಿಂತ ಜಾಸ್ತಿ ಏರಿಸಬಾರದು ಅಂತ ಇಟ್ಟುಕೊಳ್ಳುವುದು ಕ್ಷೇಮ.

ಹಾಗಾಗಿ ಆ ರಾತ್ರಿ ಎಲ್ಲರ ಕಣ್ಣು ಮಂಚದ ಕೆಳಗೆ ತೂಗುತ್ತಿದ್ದ ಯೂರಿನ್ ಬ್ಯಾಗ್ ಮೇಲೆ. ಮೊದಲ ಕೆಲವು ಗಂಟೆ ಬಂದದ್ದು ಸ್ವಲ್ಪವೇ, ಗಾಢ ಹಳದಿ. ನಡುರಾತ್ರಿ ದಾಟಿದ ಮೇಲೆ ಬಣ್ಣ ತಿಳಿಯಾಗುತ್ತಾ ಬಂತು. ಆಮೇಲೆ ಬರೀ ನೀರಿನ ಬಣ್ಣ, ಗಂಟೆಗೆ 400 ಮಿ.ಲೀ. ಸಿಸ್ಟರ್ ಗಂಟೆಗೊಮ್ಮೆ ಅಳೆದು ಬರೆಯುತ್ತಿದ್ದರು, ಅವರೇ ಬಂದು ಹೇಳಿದರು. ಎಂಟನೇ ಗಂಟೆಗೆ ಸೋಡಿಯಂ ನೋಡಿದರೆ ಆಗಲೇ 118. ಸಲೈನ್ ನಿಲ್ಲಿಸಿ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಹಾಕಿದೆವು. ಎರಡು ಎರಡು ಗಂಟೆಗೆ ಪರೀಕ್ಷೆ. 24 ಗಂಟೆಗೆ 120ಕ್ಕೆ ತಂದು ನಿಲ್ಲಿಸಿದೆವು. ಮೂರನೇ ದಿನ 129, ಐದನೇ ದಿನ 135.

ಐದನೇ ದಿನ ಆಕೆ ಎದ್ದು ತಾವೇ ತಲೆ ಬಾಚಿಕೊಂಡು ಕೂತಿದ್ದರು. ಗಂಡ ವಾರ್ಡಿನ ಬಾಗಿಲಲ್ಲಿ ನಿಂತು ನೋಡುತ್ತಾ, ಇವಳು ಹೀಗೆ ಮಾತಾಡಿದ್ದು ನೋಡಿ ವರ್ಷಗಳಾಯಿತು ಅಂದರು.

ರಿಪೋರ್ಟ್‌ಗಳು ಬಂದಿದ್ದವು. ಕಾರ್ಟಿಸಾಲ್ 1.8 ಮೈಕ್ರೊಗ್ರಾಂ. ಅಷ್ಟು ಕಾಯಿಲೆ ಬಿದ್ದ ದೇಹದಲ್ಲಿ ಅದು 18ಕ್ಕಿಂತ ಮೇಲಿರಬೇಕಿತ್ತು. ಟಿಎಸ್‌ಎಚ್ ಈ ಸಲವೂ 2.6, ನಾರ್ಮಲ್. ಆದರೆ ಥೈರಾಯ್ಡ್ ಮಾಡುವ ಹಾರ್ಮೋನ್ ಫ್ರೀ ಟಿ4 ಬರೀ 0.4, ಕನಿಷ್ಠ 0.8 ಇರಬೇಕಾದ್ದು. ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್ ಕಡಿಮೆ. ಹತ್ತು ವರ್ಷ ಮುಟ್ಟಿಲ್ಲದ ಹೆಂಗಸಿನಲ್ಲಿ ತೊಂದರೆ ಅಂಡಾಶಯದ್ದಾಗಿದ್ದರೆ ಅಂಡಾಶಯಕ್ಕೆ ಕೆಲಸ ಹೇಳುವ ಎಫ್‌ಎಸ್‌ಎಚ್ ಹಾರ್ಮೋನ್ ಏರಿರಬೇಕಿತ್ತು, ಅದೂ ಕಡಿಮೆ.

ಏನಾಗಿತ್ತು

ಮಿದುಳಿನ ಬುಡದಲ್ಲಿ ಒಂದು ಸಣ್ಣ ಎಲುಬಿನ ಗುಳಿಯಲ್ಲಿ ಪಿಟ್ಯುಟರಿ ಗ್ರಂಥಿ ಇರುತ್ತದೆ. ಥೈರಾಯ್ಡ್, ಅಡ್ರಿನಲ್, ಅಂಡಾಶಯ ಎಲ್ಲದಕ್ಕೂ ಕೆಲಸ ಮಾಡು ಅಂತ ಹೇಳಿಕಳಿಸುವುದು ಅದೇ. ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಕೂಡ ಅಲ್ಲಿಂದಲೇ. ಬಸುರಿಯಲ್ಲಿ ಈ ಗ್ರಂಥಿ ದೊಡ್ಡದಾಗುತ್ತದೆ, ಆದರೆ ಅದಕ್ಕೆ ರಕ್ತ ಒದಗಿಸುವ ನಾಳಗಳಲ್ಲಿ ಒತ್ತಡ ಮೊದಲೇ ಕಡಿಮೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಬಿಪಿ ಬಿದ್ದರೆ ಮೊದಲು ಉಸಿರುಗಟ್ಟುವುದು ಈ ಗ್ರಂಥಿಗೆ. ಅದರ ಮುಂಭಾಗ ಸತ್ತುಹೋಗುತ್ತದೆ. ಆಗ ಹಾಲು ಬರುವುದಿಲ್ಲ, ಮುಟ್ಟು ನಿಲ್ಲುತ್ತದೆ, ಕಂಕುಳ ಕೂದಲು ಉದುರುತ್ತದೆ. ಬ್ರಿಟಿಷ್ ರೋಗಶಾಸ್ತ್ರಜ್ಞ ಹೆರಾಲ್ಡ್ ಶೀಹನ್ 1937ರಲ್ಲಿ ಇದನ್ನು ವಿವರವಾಗಿ ಬರೆದರು, ಹಾಗಾಗಿ ಶೀಹನ್ ಸಿಂಡ್ರೋಮ್ ಅನ್ನುತ್ತಾರೆ.

ಮನೆಯಲ್ಲಿ ಹೆರಿಗೆ ಕಡಿಮೆಯಾದ, ಹೆರಿಗೆಯಾದ ಕೂಡಲೇ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುವ, ರಕ್ತ ತಕ್ಷಣ ಸಿಗುವ ದೇಶಗಳಲ್ಲಿ ಇದು ಈಗ ಅಪರೂಪ. ನಮ್ಮ ದೇಶದಲ್ಲಿ ಅಷ್ಟು ಅಪರೂಪ ಅಲ್ಲ. 2005ರಲ್ಲಿ ಪ್ರಕಟವಾದ ಕಾಶ್ಮೀರದ ಒಂದು ಅಧ್ಯಯನದಲ್ಲಿ, 20 ವರ್ಷ ದಾಟಿದ, ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇದಿರಬಹುದು ಅಂತ ಅಂದಾಜು ಮಾಡಿದ್ದರು. ಅವರಲ್ಲಿ ಹೆಚ್ಚಿನವರು ಮನೆಯಲ್ಲೇ ಹೆತ್ತವರು. ಇವತ್ತು ಕೊಡಗಿನಲ್ಲಿ ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ, ಸರಿ. ಆದರೆ ಹತ್ತು, ಇಪ್ಪತ್ತು ವರ್ಷದ ಹಿಂದೆ ಮಳೆಗಾಲದ ರಾತ್ರಿ ಹಾಡಿಯಲ್ಲೋ ಲೈನ್ ಮನೆಯಲ್ಲೋ ಹೆತ್ತು, ರಕ್ತ ಹೋಗಿ ಬದುಕಿ ಉಳಿದವರು ಈಗಲೂ ನಮ್ಮ ನಡುವೆ ಇದ್ದಾರೆ ಅಲ್ವಾ. ಅವರಿಗೆ ಈಗ ನಲವತ್ತೋ ಐವತ್ತೋ ವಯಸ್ಸು. ಸುಸ್ತು ಅಂತ ಬರುವವರು ಅವರೇ.

ಟಿಎಸ್‌ಎಚ್ ಯಾಕೆ ದಾರಿ ತಪ್ಪಿಸಿತು ಅಂತ ಹೇಳಬೇಕು. ಥೈರಾಯ್ಡ್ ತಾನೇ ಕೆಟ್ಟಾಗ ಪಿಟ್ಯುಟರಿ ಜಾಸ್ತಿ ಟಿಎಸ್‌ಎಚ್ ಕಳಿಸುತ್ತದೆ, ಅದಕ್ಕೇ ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಕಡಿಮೆ ಅಂತ ನಾವು ಓದುತ್ತೇವೆ. ಆದರೆ ಕೆಟ್ಟಿದ್ದು ಪಿಟ್ಯುಟರಿಯೇ ಆದರೆ? ಅದು ಟಿಎಸ್‌ಎಚ್ ಏರಿಸಲಾರದು. ಥೈರಾಯ್ಡ್ ಹಾರ್ಮೋನ್ ನೆಲ ಕಚ್ಚಿದ್ದರೂ ಟಿಎಸ್‌ಎಚ್ ನಾರ್ಮಲ್ ಅಂತ ತೋರಿಸಬಹುದು. ಹಾಗಾಗಿ ಲಕ್ಷಣಗಳೆಲ್ಲ ಥೈರಾಯ್ಡ್ ಕಡಿಮೆ ಇದ್ದಂತೆ ಕಂಡು ಟಿಎಸ್‌ಎಚ್ ಒಂದೇ ಸರಿ ಇದ್ದರೆ, ಫ್ರೀ ಟಿ4 ಮಾಡಿಸದೆ ಬಿಡಬಾರದು.

ಇನ್ನೊಂದು ಮಾತು. ಆ ಹತ್ತು ವರ್ಷದಲ್ಲಿ ಯಾರಾದರೂ ಫ್ರೀ ಟಿ4 ನೋಡಿ ನೇರ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಶುರುಮಾಡಿದ್ದರೆ ಇನ್ನೂ ದೊಡ್ಡ ಅನಾಹುತ ಆಗಬಹುದಿತ್ತು. ಥೈರಾಕ್ಸಿನ್ ದೇಹದ ಕೆಲಸವನ್ನು ಚುರುಕು ಮಾಡುತ್ತದೆ, ಇರುವ ಚೂರುಪಾರು ಕಾರ್ಟಿಸಾಲ್ ಬೇಗ ಖರ್ಚಾಗಿಬಿಡುತ್ತದೆ. ಮೊದಲು ಕಾರ್ಟಿಸಾಲ್, ಆಮೇಲೆ ಥೈರಾಕ್ಸಿನ್. ಈ ಕ್ರಮ ತಪ್ಪುವಂತಿಲ್ಲ. ಇವರಿಗೂ ಹೈಡ್ರೊಕಾರ್ಟಿಸೋನ್ ಕೊಟ್ಟು ಕೆಲವು ದಿನ ಆದ ಮೇಲೆಯೇ ಥೈರಾಕ್ಸಿನ್ 50 ಮೈಕ್ರೊಗ್ರಾಂ ಶುರುಮಾಡಿದ್ದು.

ಮೈಸೂರು

ಹಾರ್ಮೋನ್ ತಜ್ಞರನ್ನು ಕಾಣಲು ಮೈಸೂರಿಗೆ ಕಳಿಸಿದೆವು. ಗೋಣಿಕೊಪ್ಪ, ತಿತಿಮತಿ, ಆನೆಚೌಕೂರು, ಹುಣಸೂರು ಹಾದು ಹೋಗುವ ದಾರಿ. ಬಸ್ಸಿನಲ್ಲಿ ಒಂದು ದಿನ ಪೂರ್ತಿ ಹೋಗುತ್ತದೆ, ಗಂಡ ಹೆಂಡತಿ ಇಬ್ಬರ ಕೂಲಿಯೂ ಹೋಗುತ್ತದೆ. ನಮ್ಮ ಕಡೆ ಎಂಡೊಕ್ರಿನಾಲಜಿ ಅಂದರೆ ಶುಗರ್ ಡಾಕ್ಟ್ರು ಅಂತಲೇ ಜನ ತಿಳಿದಿರುವುದು. "ಇವಳಿಗೆ ಶುಗರ್ ಇಲ್ವಲ್ಲ, ಅಲ್ಲಿಗೆ ಯಾಕೆ?" ಅಂತ ಗಂಡನೂ ಕೇಳಿದರು. ಸಕ್ಕರೆ ಕಾಯಿಲೆ ಆ ವಿಭಾಗದ ಒಂದು ಭಾಗ ಅಷ್ಟೆ. ಪಿಟ್ಯುಟರಿ, ಥೈರಾಯ್ಡ್, ಅಡ್ರಿನಲ್, ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್, ಮಕ್ಕಳ ಬೆಳವಣಿಗೆ, ಎಲುಬು ಸವೆತ, ಎಲ್ಲ ಅವರದೇ. ಎಂಡಿ ಮುಗಿಸಿ ಇನ್ನೂ ಮೂರು ವರ್ಷ ಇದೊಂದನ್ನೇ ಓದಿದವರು ಅವರು.

ಅವರು ಎಂಆರ್‌ಐ ಮಾಡಿಸಿದರು. ಪಿಟ್ಯುಟರಿ ಇರಬೇಕಾದ ಗುಳಿ ಬಹುತೇಕ ಖಾಲಿ. ಗೆಡ್ಡೆ ಇಲ್ಲ. ಹೆರಿಗೆಯ ಆಸುಪಾಸಿನಲ್ಲಿ ಪಿಟ್ಯುಟರಿಗೆ ಉರಿಯೂತ ಆಗುವ ಇನ್ನೊಂದು ಕಾಯಿಲೆಯೂ ಇದೆ, ಆದರೆ ಅಷ್ಟು ರಕ್ತ ಹೋದ ಚರಿತ್ರೆ, ಬಾರದ ಹಾಲು, ಖಾಲಿ ಗುಳಿ ಸೇರಿಸಿ ನೋಡಿದರೆ ಶೀಹನ್ ಅಂತಲೇ ಅವರು ನಿರ್ಧರಿಸಿದರು. ಹೈಡ್ರೊಕಾರ್ಟಿಸೋನ್ ಕೊಟ್ಟ ಮೇಲೆ ಮೂತ್ರ ಅಷ್ಟು ಜಾಸ್ತಿ ಹೋಯಿತಲ್ಲ, ಮೂತ್ರವನ್ನು ಹಿಡಿತದಲ್ಲಿಡುವ ಪಿಟ್ಯುಟರಿಯ ಹಿಂಭಾಗವೂ ಕೆಟ್ಟಿದೆಯಾ ಅಂತ ಪರೀಕ್ಷಿಸಿದರು. ಅದು ಸರಿ ಇತ್ತು. ಸಕ್ಕರೆ ಇಳಿಸಿ ಕಾರ್ಟಿಸಾಲ್ ನೋಡುವ ದೊಡ್ಡ ಪರೀಕ್ಷೆ ಬೇಡ ಅಂದರು. ಅಷ್ಟು ಕಾಯಿಲೆಯಲ್ಲಿ 1.8 ಬಂದ ಮೇಲೆ ಇನ್ನೇನು ಸಾಬೀತು ಮಾಡಬೇಕು. ಈ ನಿರ್ಧಾರ ನನಗೆ ಬಹಳ ಹಿಡಿಸಿತು. ಯಾವ ಪರೀಕ್ಷೆ ಬೇಕು ಅನ್ನುವುದರ ಜೊತೆಗೆ ಯಾವುದು ಬೇಡ ಅಂತ ಧೈರ್ಯವಾಗಿ ಹೇಳಬಲ್ಲವರು ತಜ್ಞರು.

ಹೈಡ್ರೊಕಾರ್ಟಿಸೋನ್ ಮಾತ್ರೆ ಎದ್ದ ಕೂಡಲೇ 10 ಮಿಲಿಗ್ರಾಂ, ಮಧ್ಯಾಹ್ನ ಎರಡರ ಹೊತ್ತಿಗೆ 5. ಥೈರಾಕ್ಸಿನ್ ನಿಧಾನವಾಗಿ 75ಕ್ಕೆ. ಇನ್ನೂ 36ರ ವಯಸ್ಸು, ಎಲುಬು ಸವೆಯಬಾರದು ಅಂತ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಕೂಡ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ. ಈಸ್ಟ್ರೊಜೆನ್ ಮಾತ್ರೆ ತಿನ್ನುವಾಗ ಥೈರಾಕ್ಸಿನ್ ಹೆಚ್ಚು ಬೇಕಾಗಬಹುದು, ಹಾಗಾಗಿ ಎರಡು ತಿಂಗಳಿಗೆ ಫ್ರೀ ಟಿ4 ನೋಡಿ 100ಕ್ಕೆ ಏರಿಸಿದರು. ಬೆಳವಣಿಗೆ ಹಾರ್ಮೋನಿನ ಕೊರತೆಯೂ ಇರುತ್ತದೆ, ಆದರೆ ಅದರ ಇಂಜೆಕ್ಷನ್ ಖರ್ಚು ಈ ಕುಟುಂಬ ಹೊರಲಾಗದ್ದು. ಅದನ್ನು ಕೊಟ್ಟಿಲ್ಲ.

ಎಷ್ಟು ದಿನ ತಿನ್ನಬೇಕು ಅಂತ ಗಂಡ ಕೇಳಿದ್ದಕ್ಕೆ ಆ ಡಾಕ್ಟರ್ ಹೇಳಿದ್ದು: "ಊಟ ಎಷ್ಟು ದಿನ ಮಾಡ್ತಾರೋ ಅಷ್ಟು ದಿನ." ಗಂಡ ಇದನ್ನು ನನಗೆ ಬಂದು ಹೇಳಿದರು. ನಾನೂ ಈಗ ಹಾಗೇ ಹೇಳುತ್ತೇನೆ.

ಮನೆ, ಮಳೆ, ಮಾತ್ರೆ

ಹಾರ್ಮೋನ್ ಚಿಕಿತ್ಸೆಯಲ್ಲಿ ಮೈಸೂರಿನ ಪಾಲು ವರ್ಷಕ್ಕೆ ಒಂದೆರಡು ಭೇಟಿ. ಉಳಿದ ಅಷ್ಟೂ ದಿನ ಅದು ನಡೆಯಬೇಕಾದ್ದು ಲೈನ್ ಮನೆಯಲ್ಲಿ, ನಮ್ಮಂಥ ಹತ್ತಿರದ ಆಸ್ಪತ್ರೆಯಲ್ಲಿ. ಇಲ್ಲಿ ಹಿಡಿತ ಇಲ್ಲದಿದ್ದರೆ ಅಲ್ಲಿ ಬರೆದುಕೊಟ್ಟ ಚೀಟಿ ಸಾಲುವುದಿಲ್ಲ. ಈ ಪ್ರಕರಣದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದ್ದು ಇದೇ.

ಬೆಳಗಿನ ಕಾಫಿಯಿಂದ ಶುರುಮಾಡೋಣ. ಎದ್ದ ಕೂಡಲೇ ಬೆಲ್ಲದ ಕಾಫಿ ಕುಡಿಯದೆ ಇಲ್ಲಿ ಯಾರೂ ತೋಟಕ್ಕೆ ಇಳಿಯುವುದಿಲ್ಲ. ಆದರೆ ಥೈರಾಕ್ಸಿನ್ ಖಾಲಿ ಹೊಟ್ಟೆಗೆ ನೀರಿನಲ್ಲಿ ತಗೊಂಡು ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು, ಜೊತೆಗೇ ಕುಡಿದರೆ ಮಾತ್ರೆ ಸರಿಯಾಗಿ ಹೀರಲ್ಪಡುವುದಿಲ್ಲ. ಅತ್ತೆ ಒಲೆ ಹಚ್ಚುವಾಗಲೇ ಮಾತ್ರೆ ಕೊಟ್ಟುಬಿಡುತ್ತಾರೆ, ನೀರು ಕಾದು, ಮುಖ ತೊಳೆದು, ಕಾಫಿ ಆಗುವಷ್ಟರಲ್ಲಿ ಹೊತ್ತು ಸರಿಹೋಗುತ್ತದೆ. ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಮಾತ್ರೆ ರಾತ್ರಿಗೆ ಹಾಕಿದೆವು, ಅದೂ ಥೈರಾಕ್ಸಿನ್‌ಗೆ ಅಡ್ಡಿ ಮಾಡುತ್ತದೆ.

ಸ್ಟೀರಾಯ್ಡ್ ಅನ್ನೋ ಹೆಸರಿಗೇ ಜನ ಹೆದರುತ್ತಾರೆ. ಮಾತ್ರೆ ಶುರುವಾಗಿ ತಿಂಗಳಾಗುವಷ್ಟರಲ್ಲಿ ಯಾರೋ ಒಬ್ಬರು, ಇದು ತಿಂದರೆ ಎಲುಬು ಕರಗುತ್ತೆ, ಬಿಟ್ಟುಬಿಡಿ ಅಂದರಂತೆ. ಬೇರೆ ಕಾಯಿಲೆಗಳಿಗೆ ದೊಡ್ಡ ಪ್ರಮಾಣದಲ್ಲಿ ಬಹಳ ದಿನ ಕೊಟ್ಟಾಗ ಆ ಭಯ ನಿಜ. ಇಲ್ಲಿ ಕೊಡುತ್ತಿರುವುದು ದೇಹ ತಾನೇ ಮಾಡಿಕೊಳ್ಳಬೇಕಿದ್ದಷ್ಟು ಮಾತ್ರ, ಇಲ್ಲದ್ದನ್ನು ತುಂಬುವುದಕ್ಕೆ. ಇದನ್ನು ನಿಲ್ಲಿಸಿದರೆ ಮತ್ತೆ ಆ ಫೆಬ್ರವರಿಯ ಸಂಜೆಯೇ. ಅತ್ತೆ, ಗಂಡ, ದೊಡ್ಡ ಮಗ ಮೂವರನ್ನೂ ಕೂರಿಸಿ ಹೇಳಿದೆವು, ಒಬ್ಬರು ಮರೆತರೆ ಇನ್ನೊಬ್ಬರಿಗೆ ನೆನಪಿರಲಿ ಅಂತ.

ಜ್ವರ ಬಂದಾಗಿನ ನಿಯಮ ಎಲ್ಲಕ್ಕಿಂತ ಮುಖ್ಯ. ಚೆನ್ನಾಗಿರುವವರ ದೇಹ ಜ್ವರ ಬಂದಾಗ ತಾನೇ ಹೆಚ್ಚು ಕಾರ್ಟಿಸಾಲ್ ಮಾಡಿಕೊಳ್ಳುತ್ತದೆ. ಇವರದ್ದು ಮಾಡಿಕೊಳ್ಳಲಾರದು. ಅದಕ್ಕೆ ಇವರಿಗೆ ತಜ್ಞರು ಬರೆದುಕೊಟ್ಟದ್ದು: ಜ್ವರ 100 ದಾಟಿದರೆ ಹೈಡ್ರೊಕಾರ್ಟಿಸೋನ್ ಎರಡು ಪಟ್ಟು, 102 ದಾಟಿದರೆ ಮೂರು ಪಟ್ಟು, ಜ್ವರ ಬಿಡುವವರೆಗೆ. ಮಾತ್ರೆ ತಿಂದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಮ್ಮೆ. ಮತ್ತೂ ವಾಂತಿಯಾದರೆ 100 ಮಿಲಿಗ್ರಾಂ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ. ಇದು ಇವರಿಗೆ ಬರೆದ ಲೆಕ್ಕ, ಬೇರೆಯವರು ತಮ್ಮ ಡಾಕ್ಟರ್ ಹತ್ತಿರ ಕೇಳಿ ಬರೆಸಿಕೊಳ್ಳಬೇಕು.

ಇಂಜೆಕ್ಷನ್ ಯಾರು ಕೊಡಬೇಕು? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಕಡಿದುಹೋದದ್ದನ್ನು ನೋಡಿದ ಈ ಜಿಲ್ಲೆಯಲ್ಲಿ, ಆಸ್ಪತ್ರೆಗೆ ಬನ್ನಿ ಅಂತ ಹೇಳಿ ಸುಮ್ಮನಿರಲು ಆಗುವುದಿಲ್ಲ. ಗಂಡನಿಗೇ ಕಲಿಸಿದೆವು. ಮತ್ತೆ ಅದೇ ಸಿಸ್ಟರ್. ಪುಡಿ ಇರುವ ಸಣ್ಣ ಶೀಶೆಗೆ ನೀರು ಸೇರಿಸಿ, ಕುಲುಕದೆ ಅಂಗೈಯಲ್ಲಿ ಉರುಳಿಸಿ, ಸಿರಿಂಜಿಗೆ ಎಳೆದು, ಗುಳ್ಳೆ ತೆಗೆದು, ತೊಡೆಯ ಹೊರಬದಿಗೆ ನೇರವಾಗಿ ಚುಚ್ಚುವುದು. ಅವರು ಮನೆಯಿಂದ ತಂದಿದ್ದ ಕಿತ್ತಳೆಗೇ ಚುಚ್ಚಿಸಿ ಅಭ್ಯಾಸ ಮಾಡಿಸಿದರು. ಗೇರ್ ಹಿಡಿದು ಗಟ್ಟಿಯಾದ ಕೈ, ಆದರೂ ಮೊದಲು ನಡುಗುತ್ತಿತ್ತು.

ಒಂದು ಕಾರ್ಡ್ ಕೂಡ ಬರೆದುಕೊಟ್ಟೆವು. ಮೊಬೈಲ್ ಕವರಿನ ಹಿಂದೆ ಇಟ್ಟುಕೊಂಡಿದ್ದಾರೆ. "ನನಗೆ ಪಿಟ್ಯುಟರಿ ಕಾಯಿಲೆ ಇದೆ, ದಿನಾ ಹೈಡ್ರೊಕಾರ್ಟಿಸೋನ್ ತಿನ್ನುತ್ತೇನೆ. ವಾಂತಿ, ಅಪಘಾತ, ಪ್ರಜ್ಞೆ ತಪ್ಪಿದ್ದು ಕಂಡರೆ ತಕ್ಷಣ ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ಕೊಡಿ."

ಮಾತ್ರೆ ಸಿಗುವುದೇ ಇನ್ನೊಂದು ತಲೆನೋವು. ಥೈರಾಕ್ಸಿನ್ ಎಲ್ಲ ಮೆಡಿಕಲ್‌ನಲ್ಲೂ ಇದೆ. ಹೈಡ್ರೊಕಾರ್ಟಿಸೋನ್ ಮಾತ್ರೆ ಸಣ್ಣ ಊರಿನ ಅಂಗಡಿಗಳಲ್ಲಿ ಸಿಗುವುದೇ ಕಷ್ಟ, ತರಿಸಬೇಕು. ಸಿಗದೇ ಹೋದರೆ ಏನು ಮಾಡಬೇಕು ಅಂತಲೂ ತಜ್ಞರು ಚೀಟಿಯಲ್ಲೇ ಬರೆದಿದ್ದರು: ಬೆಳಿಗ್ಗೆ ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ. ಅದು ಎಲ್ಲೆಡೆ ಸಿಗುತ್ತದೆ, ಅಗ್ಗ. ಈ ಒಂದು ಸಾಲು ಬರೆಯುವುದಕ್ಕೆ ಅರ್ಧ ನಿಮಿಷ ಸಾಕು, ಮಾತ್ರೆ ಖಾಲಿಯಾದ ದಿನ ಅದರ ಬೆಲೆ ಗೊತ್ತಾಗುತ್ತದೆ. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚಿಗೆ ಆಸರೆ ಇದೆ, ಆದರೆ ತಿಂಗಳು ತಿಂಗಳು ತಿನ್ನುವ ಮಾತ್ರೆಯ ಖರ್ಚು ಮನೆಯವರದ್ದೇ. ಆಸ್ಪತ್ರೆಗೆ ಸೇರುವುದನ್ನು ತಪ್ಪಿಸುವ ಮಾತ್ರೆಗೆ ದುಡ್ಡಿಲ್ಲ, ಸೇರಿದ ಮೇಲೆ ಇದೆ ಅನ್ನೋದು ಬದಲಾಗಬೇಕು ಅಂತ ನನ್ನ ಬಲವಾದ ಅಭಿಪ್ರಾಯ.

ಮೇ ತಿಂಗಳಲ್ಲಿ ಮಳೆಗಾಲಕ್ಕೆ ಅಕ್ಕಿ, ಒಣಮೀನು, ಸೌದೆ ತುಂಬಿಸುವಾಗ ಮೂರು ತಿಂಗಳ ಮಾತ್ರೆ, ಎರಡು ಇಂಜೆಕ್ಷನ್ ಶೀಶೆ, ಸಿರಿಂಜುಗಳನ್ನೂ ಸೇರಿಸಿ ಎಂದಿದ್ದೆವು. ಸೇರಿಸಿದ್ದರು.

ಜುಲೈ ಕೊನೆಯಲ್ಲಿ ಒಂದು ರಾತ್ರಿ ವಾಂತಿ ಭೇದಿ ಶುರುವಾಯಿತು. ಕರೆಂಟ್ ಹೋಗಿ ಎರಡು ದಿನ. ತೋಡು ಉಕ್ಕಿ ತೋಟದ ದಾರಿ ಮುಚ್ಚಿತ್ತು. ಮಾತ್ರೆ ನಿಲ್ಲಲಿಲ್ಲ, ಇನ್ನೊಮ್ಮೆ ಕೊಟ್ಟದ್ದೂ ನಿಲ್ಲಲಿಲ್ಲ. ಟಾರ್ಚನ್ನು ಮಗ ಹಿಡಿದ, ಗಂಡ ಇಂಜೆಕ್ಷನ್ ಕೊಟ್ಟರು. ಉಪ್ಪು ಸಕ್ಕರೆ ನೀರನ್ನು ಚಮಚ ಚಮಚವಾಗಿ ಅತ್ತೆ ಕುಡಿಸಿದರು. ಬೆಳಿಗ್ಗೆ ನೀರು ಇಳಿದ ಮೇಲೆ ಕರೆತಂದರು. ಆಗ ಬಿಪಿ 100/60. ಸೋಡಿಯಂ 131. ಸಕ್ಕರೆ 92. ಆಕೆ ನಡೆದೇ ವಾರ್ಡಿಗೆ ಬಂದರು, ಎರಡು ದಿನದಲ್ಲಿ ಮನೆಗೆ ಹೋದರು.

ಆಮೇಲೆ ಒಂದು ತೊಡಕಾಯಿತು. ಬೇರೆ ಯಾವುದೋ ಕಾರಣಕ್ಕೆ ಒಂದು ಕ್ಲಿನಿಕ್‌ಗೆ ಹೋದಾಗ ಅಲ್ಲಿ ಟಿಎಸ್‌ಎಚ್ ಮಾಡಿಸಿದರು. 0.02 ಬಂತು. ಥೈರಾಯ್ಡ್ ಮಾತ್ರೆ ಜಾಸ್ತಿಯಾಗಿದೆ ಅಂತ 100ರಿಂದ 25ಕ್ಕೆ ಇಳಿಸಿಬಿಟ್ಟರು. ಸಾಮಾನ್ಯ ಥೈರಾಯ್ಡ್ ರೋಗಿಗಾದರೆ ಅದು ಸರಿಯಾದ ಯೋಚನೆ. ಪಿಟ್ಯುಟರಿ ಸತ್ತವರಲ್ಲಿ ಥೈರಾಕ್ಸಿನ್ ತಿನ್ನುವಾಗ ಟಿಎಸ್‌ಎಚ್ ಇಳಿಯುವುದು ಸಹಜ, ಅದನ್ನು ನೋಡಿ ಮಾತ್ರೆ ಇಳಿಸುವಂತಿಲ್ಲ, ಫ್ರೀ ಟಿ4 ಮಾತ್ರ ನೋಡಬೇಕು. ಆರು ವಾರದಲ್ಲಿ ಮತ್ತೆ ಚಳಿ, ಮಂಕು ಶುರುವಾಗಿ ಬಂದಾಗ ಗೊತ್ತಾಯಿತು. ಮತ್ತೆ 100ಕ್ಕೆ ಏರಿಸಿ, ಕಾರ್ಡಿನ ಹಿಂಬದಿಯಲ್ಲಿ ಕೆಂಪು ಇಂಕಿನಲ್ಲಿ ಬರೆದೆವು: "ಟಿಎಸ್‌ಎಚ್ ನೋಡಿ ಥೈರಾಕ್ಸಿನ್ ಬದಲಿಸಬೇಡಿ."

ನಮ್ಮ ವಾರ್ಡಿನ ಕೇಸ್ ಶೀಟಿನಲ್ಲಿ ಹೆತ್ತ ಹೆಂಗಸರಿಗೆ ಈಗ ಮೂರು ಪ್ರಶ್ನೆ ಸೇರಿಸಿದ್ದೇವೆ. ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗಿತ್ತಾ? ಎದೆಹಾಲು ಬಂದಿತ್ತಾ? ಆಮೇಲೆ ಮುಟ್ಟು ಮತ್ತೆ ಶುರುವಾಯಿತಾ? ಸಿಸ್ಟರ್‌ಗಳೇ ಕೇಳಿ ಬರೆಯುತ್ತಾರೆ, ಡಾಕ್ಟರಿಗೆ ಹೇಳದ್ದನ್ನು ಹೆಂಗಸರು ಅವರಿಗೆ ಹೇಳುತ್ತಾರೆ. ಸೋಡಿಯಂ 130ಕ್ಕಿಂತ ಕಡಿಮೆ ಇದ್ದು ಈ ಮೂರರಲ್ಲಿ ಎರಡು ಉತ್ತರ ಸಂಶಯದ್ದಾದರೆ ಬೆಳಗಿನ ಎಂಟು ಗಂಟೆಯ ಕಾರ್ಟಿಸಾಲ್, ಫ್ರೀ ಟಿ4 ಕಳಿಸುತ್ತೇವೆ. ಕಾರ್ಟಿಸಾಲ್ 3ಕ್ಕಿಂತ ಕಡಿಮೆ ಬಂದರೆ ಅಲ್ಲೇ ಉತ್ತರ ಸಿಕ್ಕಂತೆ. 3ಕ್ಕೂ ನಾರ್ಮಲ್‌ಗೂ ನಡುವೆ ಬಂದವರಿಗೆ ಮಾತ್ರ ಮೈಸೂರಿನಲ್ಲಿ ಮುಂದಿನ ಪರೀಕ್ಷೆ.

ಆಕೆಯ ವಿಷಯದಲ್ಲಿ ಇನ್ನೂ ಬಾಕಿ ಇರುವುದು ಕೆಲವು. ಎಲುಬಿನ ಸಾಂದ್ರತೆ ಮೊದಲ ಪರೀಕ್ಷೆಯಲ್ಲಿ ಕಡಿಮೆ ಬಂದಿತ್ತು, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ನಡೆಯುತ್ತಿದೆ, ಮುಂದಿನ ವರ್ಷ ಮತ್ತೆ ನೋಡಬೇಕು. ಹಿಮೋಗ್ಲೋಬಿನ್ 11.8ಕ್ಕೆ ಬಂದಿದೆ. ಮುಟ್ಟು ಮಾತ್ರೆಯಿಂದ ಸರಿಯಾಗಿ ಬರುತ್ತಿದೆ. ಈ ಸಲದ ಕುಯ್ಲಿಗೆ ಪೂರ್ತಿ ದಿನ ಹೋಗುತ್ತಿದ್ದಾರೆ, ಮಧ್ಯಾಹ್ನದ 5 ಮಿಲಿಗ್ರಾಂ ಬುತ್ತಿಯ ಚೀಲದಲ್ಲೇ ಇರುತ್ತದೆ. ಮನೆಯಲ್ಲಿ ಉಳಿದಿರುವ ಇಂಜೆಕ್ಷನ್ ಶೀಶೆಯ ಅವಧಿ ಏಪ್ರಿಲ್‌ಗೆ ಮುಗಿಯುತ್ತದೆ. ಮಳೆ ಹಿಡಿಯುವ ಮೊದಲು ಹೊಸದು ತರಿಸಲು ಮೆಡಿಕಲ್‌ನವರಿಗೆ ಈಗಲೇ ಹೇಳಿಟ್ಟಿದ್ದೇವೆ.